ಕೊನೆಯ ಸುತ್ತಿಗೂ ಅದೇ ನಿಯಮ ಇರಬೇಕು

ಫಾರ್ಮುಲಾ ಒನ್ ನೋಡುವವರ ನಡುವೆ ಇಂದಿಗೂ ಜಗಳ ಹಚ್ಚುವ ಒಂದು ರೇಸ್ ಇದೆ. 2021ರ ಡಿಸೆಂಬರ್ 12ರಂದು ಅಬುಧಾಬಿಯ ಯಾಸ್ ಮರೀನಾದಲ್ಲಿ ನಡೆದ ಆ ವರ್ಷದ ಕೊನೆಯ ರೇಸ್ ಅದು. ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವರ್ಸ್ಟಾಪನ್ ಇಬ್ಬರಿಗೂ ಸರಿಯಾಗಿ 369.5 ಅಂಕಗಳಿದ್ದವು. ಎರಡೂ ಕಡೆ ಇಷ್ಟು ಚೆನ್ನಾಗಿ ತಾಳೆಯಾದ ಲೆಕ್ಕ ನನಗೆ ಅಕೌಂಟೆನ್ಸಿ ಪರೀಕ್ಷೆಯಲ್ಲೂ ಸಿಕ್ಕಿಲ್ಲ!

ಒಟ್ಟು 58 ಸುತ್ತುಗಳು. ಹ್ಯಾಮಿಲ್ಟನ್ ಆರಾಮವಾಗಿ ಮುಂದಿದ್ದರು. 53ನೇ ಸುತ್ತಿನಲ್ಲಿ ನಿಕೋಲಸ್ ಲತೀಫಿ ಅವರ ಕಾರು ಗೋಡೆಗೆ ಬಡಿಯಿತು. ಸೇಫ್ಟಿ ಕಾರ್ ಬಂದು ಎಲ್ಲರ ವೇಗ ತಗ್ಗಿತು. ವರ್ಸ್ಟಾಪನ್ ಹೊಸ ಟೈರ್ ಹಾಕಿಸಿಕೊಂಡರು, ಹ್ಯಾಮಿಲ್ಟನ್ ಹಳೆಯ ಟೈರ್‌ನಲ್ಲೇ ಉಳಿದರು. ಇಬ್ಬರ ನಡುವೆ ಒಂದು ಸುತ್ತು ಹಿಂದೆ ಬಿದ್ದಿದ್ದ ಐದು ಕಾರುಗಳಿದ್ದವು.

ಸಮಸ್ಯೆ ಶುರುವಾದದ್ದು ಇಲ್ಲಿ. ಹಿಂದೆ ಬಿದ್ದ ಕಾರುಗಳು ಮುಂದೆ ಹೋಗುವಂತಿಲ್ಲ ಎಂಬ ಸೂಚನೆ ಮೊದಲು ಬಂತು. ಸ್ವಲ್ಪ ಹೊತ್ತಿನಲ್ಲೇ ರೇಸ್ ನಿರ್ದೇಶಕ ಮೈಕೆಲ್ ಮಾಸಿ ಆ ಐದು ಕಾರುಗಳನ್ನು ಮಾತ್ರ ಮುಂದೆ ಬಿಟ್ಟರು. ಅವರ ಹಿಂದಿದ್ದ ಮೂರು ಕಾರುಗಳಿಗೆ ಆ ಅವಕಾಶ ಸಿಗಲಿಲ್ಲ. ನಿಯಮದ ಪ್ರಕಾರ ಸೇಫ್ಟಿ ಕಾರ್ ಇನ್ನೊಂದು ಸುತ್ತು ಮುಗಿಸಿ ಹೊರಹೋಗಬೇಕಿತ್ತು. ಅದನ್ನೂ ಮೊದಲೇ ಕರೆಸಿಕೊಂಡರು. ಉಳಿದ ಒಂದೇ ಸುತ್ತಿನಲ್ಲಿ ವರ್ಸ್ಟಾಪನ್ ಹಿಂದಿಕ್ಕಿ ಚಾಂಪಿಯನ್ ಆದರು.

ನನ್ನ ಭಾಯಿಜಾನ್ ವರ್ಸ್ಟಾಪನ್ ಅಭಿಮಾನಿ. "ಸೇಫ್ಟಿ ಕಾರ್ ಹಿಂದೆ ಮೆರವಣಿಗೆ ಹೋಗಿ ಚಾಂಪಿಯನ್‌ಶಿಪ್ ಮುಗಿಯಬೇಕಿತ್ತಾ?" ಎಂದು ಕೇಳುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ರೇಸ್ ಓಡುತ್ತಲೇ ಮುಗಿಯಬೇಕು ಎಂಬುದಕ್ಕೆ ತಂಡಗಳೂ ಹಿಂದೆ ಒಪ್ಪಿದ್ದವು. ಆದರೆ ಆಟ ಸಪ್ಪೆಯಾಗುತ್ತದೆ ಎಂಬ ಕಾರಣಕ್ಕೆ ನಿಯಮವನ್ನು ಅರ್ಧ ಪಾಲಿಸಿದರೆ, ಗೆಲ್ಲುವವರನ್ನು ಆರಿಸುವುದು ಚಾಲಕರಲ್ಲ, ತೀರ್ಪುಗಾರರು. ನಮ್ಮ ಅಬ್ಬಾ ಅಂಗಡಿಯಲ್ಲಿ ಸಂಜೆ ಎಷ್ಟೇ ಗಿರಾಕಿಗಳಿದ್ದರೂ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುತ್ತಾರೆ. ಅವಸರ ಇರುವಾಗಲೇ ತೂಕ ತಪ್ಪುವುದು ಎನ್ನುತ್ತಾರೆ.

ಮರ್ಸಿಡಿಸ್ ತಂಡದ ಆಕ್ಷೇಪಣೆಗಳು ಅಂದೇ ತಿರಸ್ಕೃತವಾದವು. 2022ರಲ್ಲಿ ಮಾಸಿ ಹುದ್ದೆ ಕಳೆದುಕೊಂಡರು. ಎಫ್‌ಐಎ ವರದಿ ಅದನ್ನು ಮಾನವ ದೋಷ ಎಂದಿತು, ಅವರು ಸದುದ್ದೇಶದಿಂದಲೇ ನಡೆದುಕೊಂಡರು ಎಂದೂ ಹೇಳಿತು. ಫಲಿತಾಂಶ ಬದಲಾಗಲಿಲ್ಲ. ಹಿಂದೆ ಬಿದ್ದ 'ಎಲ್ಲ' ಕಾರುಗಳೂ ಮುಂದೆ ಹೋಗಬೇಕು ಎಂದು ನಿಯಮವನ್ನು ಸ್ಪಷ್ಟಪಡಿಸಿದರು.

ಸಿಕ್ಕ ಅವಕಾಶ ಬಳಸಿಕೊಂಡ ವರ್ಸ್ಟಾಪನ್ ಅವರನ್ನು ನಾನು ದೂರುವುದಿಲ್ಲ. ಅಪಘಾತವಾಯಿತೆಂದು ಲತೀಫಿಗೆ ಕೊಲೆ ಬೆದರಿಕೆ ಹಾಕಿದವರದು ಅಭಿಮಾನವೇ ಅಲ್ಲ. ಸೋತ ಹ್ಯಾಮಿಲ್ಟನ್ ತಾವೇ ಹೋಗಿ ಎದುರಾಳಿಯನ್ನು ಅಭಿನಂದಿಸಿದರು.

ನಮ್ಮ ತರಗತಿಗಳ ನಡುವಿನ ಪಂದ್ಯಗಳಲ್ಲೂ "ಕೊನೇ ಓವರ್ ಅಲ್ವಾ, ಇರಲಿ ಬಿಡು" ಎಂಬ ಮಾತು ಕೇಳುತ್ತದೆ. ಕ್ರೀಡಾ ಸಮಿತಿಗೆ ನನ್ನ ವಿನಂತಿ ಇಷ್ಟೇ: ಈ ವರ್ಷ ನಿಯಮಗಳನ್ನು ಪಂದ್ಯಗಳಿಗೆ ಮುಂಚೆಯೇ ನೋಟಿಸ್ ಬೋರ್ಡಿಗೆ ಹಾಕಿ. ಟಾಸ್ ಆದ ಮೇಲೆ ಯಾರು ಕೇಳಿದರೂ, ನಮ್ಮ ಕಾಮರ್ಸ್ ತಂಡದವರೇ ಕೇಳಿದರೂ, ಬದಲಿಸಬೇಡಿ.