ಗಾಯಕ ಮನೆಯಲ್ಲಿ ಕುಳಿತ ಕಥೆ

ಮಕ್ಕಳೇ, ಈ ವಾರ ಒಂದು ರಾಕ್ ಹಾಡಿನ ಕಥೆ ಹೇಳುತ್ತೇನೆ. ರಾಕ್ ಎಂದೊಡನೆ ಅಜ್ಜಂದಿರು ಕಿವಿ ಮುಚ್ಚಿಕೊಳ್ಳುವುದು ಬೇಡ. ಇದರಲ್ಲಿ ಅಬ್ಬರವಿಲ್ಲ. ಪಿಯಾನೋ ನುಡಿಯುತ್ತದೆ, ಒಬ್ಬ ಅಪ್ಪ ಸಮಾಧಾನವಾಗಿ ಹಾಡುತ್ತಾನೆ.

ಆ ಅಪ್ಪ ಜಾನ್ ಲೆನನ್. ಹುಟ್ಟಿದ್ದು 1940ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಅವರ ತಂದೆ ಹಡಗಿನ ಕೆಲಸಗಾರ, ಮನೆಯಲ್ಲಿದ್ದದ್ದೇ ಕಡಿಮೆ. ಹುಡುಗ ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ಮುಂದೆ ಗೆಳೆಯರೊಡನೆ ಹಾಡಿದ ‘ಬೀಟಲ್ಸ್’ ತಂಡ ಜಗತ್ತನ್ನೇ ಕುಣಿಸಿತು. 1963ರಲ್ಲಿ ಮೊದಲ ಮಗ ಜೂಲಿಯನ್ ಹುಟ್ಟಿದ. ತಂಡ ಇಂಗ್ಲೆಂಡಿನಲ್ಲಿ ಮನೆಮಾತಾದದ್ದೂ ಅದೇ ವರ್ಷ. ಊರೂರು ಸುತ್ತುವ ಅಪ್ಪನಿಗೆ ತೊಟ್ಟಿಲ ಬಳಿ ನಿಲ್ಲಲು ಪುರಸೊತ್ತೆಲ್ಲಿ? ತಂದೆಯಂತೆ ಮಗನೂ ಮನೆಯಿಂದ ದೂರವೇ ಉಳಿದರು. ಹಡಗಿನ ಬದಲು ವಿಮಾನ, ಅಷ್ಟೆ.

1970ರಲ್ಲಿ ಬೀಟಲ್ಸ್ ಬೇರೆ ಬೇರೆಯಾಯಿತು. ಲೆನನ್ ಒಬ್ಬರೇ ಹಾಡತೊಡಗಿದರು. 1975ರ ಅಕ್ಟೋಬರ್ 9ರಂದು, ಅವರ 35ನೇ ಹುಟ್ಟುಹಬ್ಬದ ದಿನವೇ, ನ್ಯೂಯಾರ್ಕ್‌ನಲ್ಲಿ ಎರಡನೆಯ ಮಗ ಶಾನ್ ಹುಟ್ಟಿದ. ಈ ಸಲ ಲೆನನ್ ಬೇರೆ ದಾರಿ ಹಿಡಿದರು. ರೆಕಾರ್ಡ್ ಕಂಪನಿಯ ಒಪ್ಪಂದ ಮುಗಿದಾಗ ಹೊಸದಕ್ಕೆ ಸಹಿ ಹಾಕಲಿಲ್ಲ. ಹೆಂಡತಿ ಯೋಕೊ ಓನೊ ವ್ಯವಹಾರ ನೋಡಿಕೊಂಡರು. ಇವರು ಮಗುವನ್ನು ನೋಡಿಕೊಂಡರು, ಬ್ರೆಡ್ ಬೇಯಿಸಲು ಕಲಿತರು. ಸುಮಾರು ಐದು ವರ್ಷ ಹೊಸ ಹಾಡಿನ ಸುದ್ದಿಯಿಲ್ಲ.

ಜನ ಸುಮ್ಮನಿದ್ದಾರೆಯೇ? ಇಂಥ ಗಾಯಕ ಮನೆಯಲ್ಲಿ ಕುಳಿತನಲ್ಲ ಎಂದು ಗೊಣಗಿದರು. ಅವರಿಗೆ ಕೊಟ್ಟ ಉತ್ತರವೇ ‘ವಾಚಿಂಗ್ ದ ವೀಲ್ಸ್’ ಎಂಬ ಹಾಡು. ಅದನ್ನು ಕೇಳುವಾಗ ನನಗೆ, ಜಾತ್ರೆಯ ತೊಟ್ಟಿಲಿನಿಂದ ಇಳಿದು ಕಟ್ಟೆಯ ಮೇಲೆ ಆರಾಮಾಗಿ ಕುಳಿತವರ ನೆನಪಾಗುತ್ತದೆ.

ಅಜ್ಜಿಯರು ನಗುತ್ತಿರಬಹುದು. ‘ಜೀವಮಾನವಿಡೀ ನಾವು ಮಾಡಿದ್ದೂ ಇದನ್ನೇ ಅಲ್ಲವೇ? ನಮ್ಮದೇಕೆ ಸುದ್ದಿಯಾಗಲಿಲ್ಲ?’ ಮಾತು ನಿಜ. ಇನ್ನೊಂದು ಮಾತೂ ನಿಜ: ಲೆನನ್ ಬಳಿ ಹಣವಿತ್ತು, ಮನೆಯಲ್ಲಿ ಕೆಲಸದವರಿದ್ದರು. ರಾತ್ರಿ ಪಾಳಿಯ ಬಸ್ ಚಾಲಕರಿಗೆ, ಗಡಿ ಕಾಯುವ ಯೋಧರಿಗೆ ಮನೆಯಲ್ಲೇ ಉಳಿಯುತ್ತೇನೆ ಎನ್ನುವ ಅನುಕೂಲವಿಲ್ಲ. ಅವರು ದೂರವಿರುವುದೂ ಮಕ್ಕಳ ಅನ್ನಕ್ಕಾಗಿಯೇ. ಆದರೂ ನನಗೆ ಈ ಹಾಡು ಇಷ್ಟ. ಮಗುವಿನ ಪಕ್ಕ ಕುಳಿತ ಹೊತ್ತು ವ್ಯರ್ಥವಲ್ಲ ಎಂದು, ಜಗತ್ತೇ ಕೈಬೀಸಿ ಕರೆಯುತ್ತಿದ್ದವರೊಬ್ಬರು ಹೇಳಿದರಲ್ಲ!

ಶಾನ್‌ಗೆ ಐದು ತುಂಬುವ ಹೊತ್ತಿಗೆ ಲೆನನ್ ಮತ್ತೆ ಹಾಡಿದರು. 1980ರ ನವೆಂಬರ್‌ನಲ್ಲಿ ಈ ಹಾಡಿದ್ದ ‘ಡಬಲ್ ಫ್ಯಾಂಟಸಿ’ ಆಲ್ಬಂ ಹೊರಬಂತು. ಮೂರು ವಾರ ಕಳೆದಿತ್ತು, ಅಷ್ಟೆ. ಡಿಸೆಂಬರ್ 8ರ ರಾತ್ರಿ, ತಮ್ಮ ಮನೆಯ ಹೆಬ್ಬಾಗಿಲಿನಲ್ಲೇ, ಹಂತಕನೊಬ್ಬನ ಗುಂಡಿಗೆ ಬಲಿಯಾದರು. ಶಾನ್‌ಗೆ ಅಪ್ಪ ಸಿಕ್ಕಿದ್ದು ಐದು ವರ್ಷ, ಎರಡು ತಿಂಗಳು. ಅದರಲ್ಲಿ ಬಹುಪಾಲು, ಅಪ್ಪ ಮನೆಯಲ್ಲೇ ಇದ್ದ ದಿನಗಳು. ಜೂಲಿಯನ್‌ಗೆ ಅಂಥ ಐದು ವರ್ಷ ಸಿಕ್ಕಿರಲಿಲ್ಲ.

ಈ ಭಾನುವಾರ ಅಜ್ಜನನ್ನು ಕೇಳಿ ನೋಡಿ: ನಮ್ಮ ಅಪ್ಪ ಅಥವಾ ಅಮ್ಮ ನನ್ನಷ್ಟಿದ್ದಾಗ ನೀವು ಎಷ್ಟು ಹೊತ್ತು ಮನೆಯಲ್ಲಿರುತ್ತಿದ್ದಿರಿ? ಅಜ್ಜಿಯನ್ನು ಕೇಳಿ: ಮನೆಗಾಗಿ ನೀವು ಏನೇನು ಬಿಟ್ಟಿರಿ? ಅಜ್ಜ ಅಜ್ಜಿಯರೇ, ಒಂದೇ ಮಾತಿನಲ್ಲಿ ಮುಗಿಸಬೇಡಿ. ಪೂರ್ತಿ ಕಥೆ ಹೇಳಿ.