ಹತ್ತನೆಯ ತರಗತಿಯ ಬಾಲಿಕೆಯೂ ನಾಟಕವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಈಗಿನ ಬಾಲಿಕೆಯರ ತಾಯಿತಂದೆಗಳಿಗೂ ಒಂದು ವಿಷಯವನ್ನು ವಿನಯಪೂರ್ವಕವಾಗಿ ಅರಿಕೆಮಾಡಬೇಕೆಂದು ಈ ಸ್ಮರಣ ಸಂಚಿಕೆಯಲ್ಲಿ ಸ್ವಲ್ಪ ಸ್ಥಳವನ್ನು ಕೇಳಿ ಪಡೆದಿರುವೆವು.

ವೈಟ್‌ಫೀಲ್ಡಿನ ಸುತ್ತಣ ಬಡಾವಣೆಗಳ ನಿವಾಸಿಗಳು ಒಟ್ಟುಗೂಡಿ, ಬರುವ ತಿಂಗಳುಗಳಲ್ಲಿ ಕೆಲವು ನಾಟಕಗಳನ್ನೂ ಸಂಗೀತ ನಾಟಕಗಳನ್ನೂ ಆಡಿಸಲು ಏರ್ಪಾಟು ಮಾಡುತ್ತಿರುವರಷ್ಟೆ. ಅವುಗಳಲ್ಲಿ ಒಂದು ಸಂಜೆಯನ್ನು ಅವರು ನಮ್ಮ ಬಾಲಿಕೆಯರಿಗಾಗಿ ಬಿಟ್ಟುಕೊಟ್ಟಿದ್ದಾರೆ. ನಾವು ಸಂತೋಷದಿಂದ ಒಪ್ಪಿಕೊಂಡೆವು. ಪಾತ್ರಗಳನ್ನು ಹಂಚಿ ಒಂದು ವಾರವಾಗುವಷ್ಟರಲ್ಲಿ ಹತ್ತನೆಯ ತರಗತಿಯ ಹನ್ನೊಂದು ಮಂದಿ ಬಾಲಿಕೆಯರ ಮನೆಗಳಿಂದ ಕಾಗದಗಳು ಬಂದವು. ಕೈಬರಹ ಬೇರೆ ಬೇರೆ. ಒಕ್ಕಣೆ ಮಾತ್ರ ಒಂದೇ. ಇದು ಪರೀಕ್ಷೆಯ ವರ್ಷವಾದಕಾರಣ ನಮ್ಮ ಮಗಳ ಹೆಸರನ್ನು ನಾಟಕದಿಂದ ತೆಗೆದುಹಾಕಬೇಕೆಂಬುದೇ ಆ ಒಕ್ಕಣೆ.

ಈ ಕಾಗದಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಗಳ ಓದಿಗಾಗಿ ಕಾರ್ಖಾನೆಯ ರಾತ್ರಿಪಾಳಿಯನ್ನು ಕೇಳಿ ಹಾಕಿಸಿಕೊಂಡಿರುವ ತಂದೆಯನ್ನು ನಾವು ಬಲ್ಲೆವು. ಅಲ್ಲದೆ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ವಾರ್ಷಿಕೋತ್ಸವದ ತಾಲೀಮನ್ನು ನಾವು ರಾತ್ರಿ ಎಂಟು ಗಂಟೆಯವರೆಗೂ ಎಳೆದು, ಮಕ್ಕಳನ್ನು ದಣಿಸಿದ್ದುಂಟು. ಆಗ ಒಬ್ಬ ಬಾಲಿಕೆಯ ಅಂಕಗಳು ನಿಜವಾಗಿಯೂ ಇಳಿದವು. ಅದು ನಾಟಕದ ದೋಷವಲ್ಲ, ನಮ್ಮ ದೋಷ.

ಆದರೂ ಇನ್ನೊಬ್ಬಳ ಸಂಗತಿಯನ್ನು ಹೇಳದೆ ಇರಲಾರೆವು. ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕುಟುಂಬದ ಮಗು ಅವಳು. ಎಂಟನೆಯ ತರಗತಿಗೆ ಸೇರಿದಾಗ ಅವಳ ಮಾತಿನ ಧಾಟಿಯನ್ನು ಕೇಳಿ ಉಳಿದವರು ನಕ್ಕರು. ಅಂದಿನಿಂದ ಅವಳು ಹಾಜರಿ ಕೂಗಿದಾಗ ಕೈಯೆತ್ತುವಳೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಅವಳಿಗೊಂದು ಅಜ್ಜಿಯ ಪಾತ್ರವನ್ನು ಕೊಟ್ಟು, ನಿನ್ನ ಊರಿನ ಮಾತಿನಲ್ಲಿಯೇ ಆಡು ಎಂದೆವು. ಸಭೆಯವರು ಆ ಸಲವೂ ನಕ್ಕರು. ಆದರೆ ಅವಳು ನಗಿಸಬೇಕೆಂದಿದ್ದ ಕಡೆಯಲ್ಲಿಯೇ ನಕ್ಕರು. ಮರುದಿನದಿಂದ ತರಗತಿಯಲ್ಲಿ ಪ್ರಶ್ನೆ ಕೇಳತೊಡಗಿದಳು. ಹತ್ತನೆಯ ತರಗತಿಗೆ ಬಂದ ಕೂಡಲೆ ಮನೆಯವರು ನಾಟಕವನ್ನು ಬಿಡಿಸಿದರು. ಆ ಸಂಜೆಗಳಲ್ಲಿ ಏನು ಮಾಡಿದೆಯೆಂದು ಬಳಿಕ ವಿಚಾರಿಸಲು, “ಪುಸ್ತಕದ ಮುಂದೆ ಕೂತಿದ್ದೆ, ಟೀಚರ್” ಎಂದಳು. ಅಂಕಗಳು ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ.

ಟಿ. ಪಿ. ಕೈಲಾಸಂ ಅವರು ಪರೀಕ್ಷೆಯಲ್ಲಿ ಗೆದ್ದ ಮಗನನ್ನೂ ಸೋತ ಮಗನನ್ನೂ ಒಂದೇ ಮನೆಯಲ್ಲಿಟ್ಟು, ಯಾವುದು ಟೊಳ್ಳು, ಯಾವುದು ಗಟ್ಟಿ ಎಂದು ಕೇಳಿ ಒಂದು ಶತಮಾನವಾಯಿತು. ‘ಟೊಳ್ಳುಗಟ್ಟಿ’ಯನ್ನು ನೋಡಿ ನಗುವ ತಾಯಿತಂದೆಗಳೇ ಮನೆಗೆ ಹೋಗಿ ನಮಗೆ ಕಾಗದ ಬರೆಯುವರೆಂಬುದು ಸೋಜಿಗವಲ್ಲವೆ?

ಸಂಗೀತ ನಾಟಕವೆಂದರೆ ಸಿನಿಮಾ ಕುಣಿತವೆಂದು ಇಬ್ಬರು ತಾಯಂದಿರು ಶಂಕಿಸಿದ್ದಾರೆ. ಪರದೇಶದ ಆಟವೆಂದು ಒಬ್ಬರು. ನಮ್ಮ ಕಂಪನಿ ನಾಟಕಗಳೆಲ್ಲ ಮತ್ತೇನು? 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ನಾಟಕವನ್ನು ಹಾರ್ಮೋನಿಯಂ, ತಬಲಗಳಿಲ್ಲದೆ ಊಹಿಸಿಕೊಳ್ಳಲಾದೀತೆ? ಆ ಕಾಲದ ಪ್ರೇಕ್ಷಕರು “ವನ್ಸ್ ಮೋರ್” ಎಂದು ಕೂಗಿದರೆ, ಕಥೆ ಎಲ್ಲಿ ನಿಂತಿದ್ದರೂ ನಟರು ಹಾಡನ್ನು ಮತ್ತೆ ಹಾಡಬೇಕಾಗಿತ್ತು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ನಮ್ಮ ಕಾಲದಲ್ಲಿಯೇ ‘ಲಕ್ಷಾಪತಿ ರಾಜನ ಕಥೆ’ಯಂಥ ಹಾಡುತುಂಬಿದ ನಾಟಕಗಳನ್ನು ಆಡಿಸಿದ್ದಾರೆ.

ಇನ್ನು ಮೀಸೆಯ ವಿಷಯ. ನಮ್ಮದು ಬಾಲಿಕೆಯರ ಶಾಲೆಯಾದಕಾರಣ ರಾಜನೂ ಸೇವಕನೂ ಬಾಲಿಕೆಯರೇ ಆಗತಕ್ಕದ್ದು. ಇದನ್ನು ನೋಡಿ ಮುಸಿಮುಸಿ ನಗುವವರುಂಟು. ಒಂದು ಕಾಲದಲ್ಲಿ ಕನ್ನಡ ರಂಗಭೂಮಿಯಲ್ಲಿ ಗಂಡಸರೇ ಸೀರೆಯುಟ್ಟು ರಾಣಿಯರಾಗುತ್ತಿದ್ದರು. ಆಗ ಯಾರೂ ನಗಲಿಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ಆದ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ತಾವೇ ಕಂಸನಾಗಿ ರಂಗದ ಮೇಲೆ ಗರ್ಜಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಕಂಸನ ಮೀಸೆಯಿಂದ ಅವರ ಗೌರವಕ್ಕೆ ಕುಂದು ಬಂದುದನ್ನು ನಾವಂತೂ ಕೇಳಿಲ್ಲ.

ನಮ್ಮ ಈ ಭಾಗದ ಮಾತು ಸ್ವಲ್ಪ. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ನೆಲೆಗೊಂಡ ಚಿಕ್ಕ ಹಳ್ಳಿಯಾಗಿದ್ದ ವೈಟ್‌ಫೀಲ್ಡಿಗೆ ಕಂಪ್ಯೂಟರ್ ಕಚೇರಿಗಳು ಬಂದವು, ಗಗನಚುಂಬಿ ಮನೆಗಳು ಬಂದವು. ರಂಗಮಂದಿರ ಮಾತ್ರ ತಡವಾಗಿ ಬಂತು. 1982ರಿಂದ ನಾಟಕವಾಡಿಸಿಕೊಂಡು ಬಂದಿದ್ದ ಅರುಂಧತಿ ರಾಜಾ ಮತ್ತು ಜಗದೀಶ್ ರಾಜಾ ದಂಪತಿಗಳು 2011ರಲ್ಲಿ ರಾಮಗೊಂಡನಹಳ್ಳಿಯಲ್ಲಿ ‘ಜಾಗೃತಿ’ಯನ್ನು ತೆರೆದರು. ಸುಮಾರು 200 ಆಸನಗಳ ಆ ಮಂದಿರದಲ್ಲಿ ಪ್ರೇಕ್ಷಕರು ರಂಗದ ಮೂರು ಕಡೆಗಳಲ್ಲಿಯೂ ಕೂರುವರು. ಅದಕ್ಕೆ ಮುಂಚೆ ಇಲ್ಲಿನವರು ಒಳ್ಳೆಯ ನಾಟಕವನ್ನು ನೋಡಬೇಕಾದರೆ ಬಹುಮಟ್ಟಿಗೆ ರವೀಂದ್ರ ಕಲಾಕ್ಷೇತ್ರಕ್ಕೋ, 2004ರ ಬಳಿಕ ರಂಗಶಂಕರಕ್ಕೋ ಹೋಗಿ, ಮಧ್ಯರಾತ್ರಿಗೆ ಮನೆ ಸೇರಬೇಕಾಗಿತ್ತು. ಮಕ್ಕಳನ್ನು ಯಾರು ಕರೆದೊಯ್ದಾರು?

ಬಡಾವಣೆಗಳ ನಾಟಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ನಡೆಯುವುದನ್ನು ನಾವು ಆಕ್ಷೇಪಿಸುವುದಿಲ್ಲ. ಅವರವರ ಭಾಷೆ ಅವರವರಿಗೆ ಪ್ರಿಯ. ನಮ್ಮ ಸಂಜೆ ಮಾತ್ರ ಕನ್ನಡದಲ್ಲಿರುವುದು. ಮನೆಯಲ್ಲಿ ತೆಲುಗು, ತಮಿಳು, ಮಲಯಾಳ, ಬಂಗಾಳಿಗಳನ್ನಾಡುವ ಬಾಲಿಕೆಯರೂ ಹಾಡುಗಳ ಮೂಲಕ ಕನ್ನಡವನ್ನು ಎಷ್ಟು ಬೇಗ ಕಲಿಯುವರೆಂಬುದನ್ನು ವ್ಯಾಕರಣ ಬೋಧಿಸುವ ನಾವೇ ಕಂಡು ನಾಚಿದ್ದೇವೆ.

ಆದಕಾರಣ ನಮ್ಮ ಬಿನ್ನಹವಿಷ್ಟೆ: ಆ ಹನ್ನೊಂದು ಕಾಗದಗಳನ್ನು ಬರೆದವರು ಅವುಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ತಾಲೀಮು ವಾರಕ್ಕೆ ಎರಡೇ ದಿನ, ಸಂಜೆ ಐದು ಗಂಟೆಗೆ ಮುಗಿಯತಕ್ಕದ್ದು. ಐದೂಕಾಲಿಗೆ ನಾವೇ ಗೇಟಿನ ಬಳಿ ನಿಂತಿರುತ್ತೇವೆ. ಡಿಸೆಂಬರ್ ತಿಂಗಳಾದ ಮೇಲೆ ಹತ್ತನೆಯ ತರಗತಿಯವರನ್ನು ಕರೆಯುವುದಿಲ್ಲ. ಹನ್ನೊಂದು ಪಾತ್ರಗಳಿಗೂ ಬೇರೆ ಯಾರನ್ನೂ ನಾವು ಇನ್ನೂ ಗೊತ್ತುಮಾಡಿಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ಹಾರ್ಮೋನಿಯಂ ನುಡಿಸಬಲ್ಲವರು ಇದ್ದರೆ ದಯವಿಟ್ಟು ನಮಗೆ ತಿಳಿಸಬೇಕು. ಶಾಲೆಯ ಹಾರ್ಮೋನಿಯಂನಲ್ಲಿ ಎರಡು ಸ್ವರಗಳು ಏಳುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಮೇಲು.