ಬಾಡಿಗೆ ಕರಾರಿನಲ್ಲಿಲ್ಲದ ಒಂದು ಸಾಲು
ಭಿವಂಡಿಯ ಮಗ್ಗಗಳ ಓಣಿಯಲ್ಲಿ ಹದಿಹರೆಯದ ಹುಡುಗನು ಸಿಗರೇಟು ಹಚ್ಚಿದರೆ ನಾವು ‘ಸಹವಾಸದೋಷ’ವೆಂದು ಅವನ ಗೆಳೆಯರನ್ನು ದೂಷಿಸಿ ಕೈತೊಳೆದುಕೊಳ್ಳುತ್ತೇವೆ. ಲೆಕ್ಕ ಅಲ್ಲಿಗೆ ಮುಗಿಯದು.

18 ತುಂಬದವರಿಗೂ ಶಾಲೆಯಿಂದ 100 ಗಜದೊಳಗೂ ತಂಬಾಕು ಮಾರುವುದನ್ನು 2003ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಬಿಡಿ ಸಿಗರೇಟಿನ ಮಾರಾಟವನ್ನು ಮಹಾರಾಷ್ಟ್ರ ಸರ್ಕಾರ 2020ರಲ್ಲಿಯೇ ನಿಷೇಧಿಸಿತು. ಆದರೂ ಪಾನ್ ಟಪರಿಯಲ್ಲಿ ಅದು ಒಂದೊಂದಾಗಿಯೇ ದೊರೆಯುತ್ತದೆ. ಪ್ಯಾಕೆಟ್ಟಿಗೆ ಹಣವಿಲ್ಲದ ಬಾಲಕನ ಕಿಸೆಗೆ ಒಪ್ಪುವ ಅಳತೆ ಅದು.

ಸಿಗರೇಟು ತರಲು ಅವನನ್ನೇ ಅಟ್ಟುವ ಹಿರಿಯರು ಯಾರು? ಆ ಟಪರಿಗೆ ಜಾಗ ಕೊಟ್ಟು ಬಾಡಿಗೆ ಎಣಿಸುವವರು ಯಾರು? ಮಾಡಿಸಿದ್ದೂ ಅನುಮೋದಿಸಿದ್ದೂ ಮಾಡಿದಷ್ಟೇ ದೋಷವೆಂದು ಬಲ್ಲ ಸಮಾಜಬಾಂಧವರೇ, ಮಗನಿಗೆ ಉಪದೇಶಿಸುವ ಮೊದಲು ನಮ್ಮ ಬಾಡಿಗೆ ಕರಾರಿನಲ್ಲಿ ‘ಇಲ್ಲಿ ತಂಬಾಕು ಮಾರಕೂಡದು’ ಎಂಬ ಸಾಲನ್ನು ಬರೆಸೋಣ.